ಮಾರ್ಥವ್ವನ ಹೆಸರು

ಕೂಗುವುದು ನಮ್ಮ ಸಭೆಯವರ ಹುಟ್ಟುಗುಣ. ನಾವು ಬಾಸೆಲ್ ಮಿಶನ್ನಿನವರು, ಬೆಟಗೇರಿ ಕಡೆಯವರು. ಪ್ರಾರ್ಥನೆಯಾಗಲಿ ಹಾಡಾಗಲಿ, ಪಕ್ಕದ ಓಣಿಗೆ ಕೇಳದಿದ್ದರೆ ದೇವರಿಗೂ ಕೇಳಲಿಲ್ಲ ಎಂದೇ ತಿಳಿಯುವವರು. ದಾಂಡೇಲಿಯ ಕಾಗದದ ಕಾರ್ಖಾನೆಗೆ ನಾನು ಫಿಟ್ಟರ್ ಆಗಿ ಬಂದ ಮೇಲೆ, ನಮ್ಮ ಆರು ಮನೆಯವರು ಭಾನುವಾರ ಸೇರುತ್ತಿದ್ದುದು ನನ್ನ ಕ್ವಾರ್ಟರ್ಸಿನಲ್ಲಿ. ಹಾಡು ಎತ್ತಿಕೊಡುವವನು ನಾನೇ. ಹೆಸರಿಗೆ ಸಮಾಧಾನಪ್ಪ, ಯಾರಾದರೂ ಶ್ರುತಿ ತಪ್ಪಿದರೆ ಮೈಯೆಲ್ಲ ಉರಿಯುತ್ತಿತ್ತು.

೧೯೬೧ರ ಮಳೆಗಾಲದಲ್ಲಿ ಅವ್ವ ನಮ್ಮ ಜೊತೆ ಇರಲು ಬಂದಳು. ಅವಳ ದನಿ ದೊಡ್ಡದು, ರಾಗ ಮಾತ್ರ ಅವಳದೇ. ಒಂದು ಭಾನುವಾರ ಎಲ್ಲರೆದುರು ಹೇಳಿಬಿಟ್ಟೆ: "ಅವ್ವ, ನೀ ಬರೇ ತುಟಿ ಆಡಸು, ಸಾಕು."

ಅವಳು ನಕ್ಕಳು. ಆಮೇಲೆ ತುಟಿ ಮಾತ್ರ ಆಡಿಸಿದಳು. ರೊಟ್ಟಿ ಬಡಿಯುವಾಗ ಕೂಡ ಗುನುಗಲಿಲ್ಲ. ಕ್ರಿಸ್ಮಸ್ಸಿಗೆ ಮೊದಲೇ ಜ್ವರ ಬಂದು ತೀರಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿಯಿಲ್ಲ. ಅವರು ಕಣ್ಣು ಮುಚ್ಚಿದ ಮೇಲೆ ಎಲ್ಲ ದೇವರಿಗೆ ಬಿಟ್ಟದ್ದು, ಉಳಿದವರು ಸುಮ್ಮನಿರಬೇಕು. ಆ ಸುಮ್ಮನಿರುವುದೇ ನನ್ನಿಂದ ಆಗಲಿಲ್ಲ.

ಕಾರ್ಖಾನೆಯಲ್ಲಿ ನನ್ನ ಜೋಡಿ ಕೆಲಸ ಮಾಡುತ್ತಿದ್ದ ಕೈತಾನ್ ಜೋಯಿಡಾ ಕಡೆಯ ಕೊಂಕಣಿಯವನು, ರೋಮನ್ ಕ್ಯಾಥೊಲಿಕ್ ಸಭೆಯವನು. ಒಮ್ಮೆ ಅವರು ಇಗರ್ಜಿ ಎನ್ನುವ ಚರ್ಚಿನ ಮುಂದೆ ಹಾಯುವಾಗ ಹೊರಗೆ ನಿಂತು ನೋಡಿದೆ. ಒಳಗೆ ಅಷ್ಟು ಜನ ಮೊಣಕಾಲೂರಿದ್ದರೂ ಪಿಟ್ಟೆನ್ನುವ ಸದ್ದಿಲ್ಲ. ಪಾದ್ರಿಯ ಲ್ಯಾಟಿನ್ ಯಾರಿಗೂ ತಿಳಿಯದು, ಆದರೂ ಯಾರಿಗೂ ಅವಸರವಿಲ್ಲ. ಅಲ್ಲಿ ಅವ್ವನನ್ನು ಯಾರೂ ಗದರುತ್ತಿರಲಿಲ್ಲ ಅನಿಸಿತು. ಮುಂದಿನ ವಾರ ಹೊಸ್ತಿಲವರೆಗೆ ಹೋದೆ. ಮರುವರ್ಷದ ಮಳೆ ನಿಲ್ಲುವಷ್ಟರಲ್ಲಿ ಹಿಂದಿನ ಬೆಂಚು ನನ್ನದೇ ಆಗಿತ್ತು.

ಹೆಂಡತಿ ಸುಗುಣವ್ವ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಅವಳ ಅಪ್ಪ ನಮ್ಮ ಸಭೆಯಲ್ಲಿ ಸುವಾರ್ತೆ ಸಾರುವ ಉಪದೇಶಿಯಾಗಿದ್ದವರು. ರೋಮನ್ ಸಭೆಯ ಮೇಣಬತ್ತಿ, ಮೂರ್ತಿಗಳ ವಿರುದ್ಧ ನಲವತ್ತು ವರ್ಷ ಸಾರಿ ತೀರಿಕೊಂಡವರು. ಅವರ ಅಳಿಯ ಹೀಗೆ ಮಾಡಿದರೆ ಬೆಟಗೇರಿಯಲ್ಲಿ ಮುಖ ತೋರಿಸುವುದು ಹೇಗೆ ಎಂದು ಕೇಳಿದಳು.

ನವೆಂಬರ್ ಎರಡು ರೋಮನ್ ಸಭೆಯಲ್ಲಿ ಸತ್ತವರ ದಿನ. ಪ್ರತಿ ಮನೆಯವರೂ ತಮ್ಮ ಹಿರಿಯರ ಹೆಸರು ಚೀಟಿಯಲ್ಲಿ ಬರೆದು ಕೊಡುತ್ತಾರೆ, ಪಾದ್ರಿ ಅದನ್ನು ಓದುತ್ತಾರೆ. ಕೈತಾನ್ ತನ್ನ ಚೀಟಿ ಬರೆಯುತ್ತ, ಉಪ್ಪಿನಕಾಯಿ ಬೇಕೇ ಎನ್ನುವಷ್ಟು ಸಲೀಸಾಗಿ ಕೇಳಿದ: "ಅವ್ವನ ಹೆಸರೇನ್ರಿ? ಕೆಳಗ ಜಾಗಾ ಐತಿ."

ಬೇಡ ಅನ್ನಬೇಕಿತ್ತು. ಹೇಳಿಬಿಟ್ಟೆ.

ಆ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಪಾದ್ರಿ ಒಂದೊಂದೇ ಹೆಸರು ಓದಿದರು. ಇನಾಸ್, ಪಿಯೆದಾದ್, ಸಾಂತಾನ್. ಆಮೇಲೆ ಮಾರ್ಥವ್ವ. ನಮ್ಮ ಪ್ರಾರ್ಥನಾಕೂಟದಲ್ಲಿ ಒಂದು ಮನೆಯ ಹೆಸರು ಓದಿದರೆ ಆ ಮನೆಯವರು ಎದ್ದು ನಿಂತು ಗಟ್ಟಿಯಾಗಿ ಪ್ರಾರ್ಥಿಸಬೇಕು. ಇಪ್ಪತ್ತು ವರ್ಷದ ರೂಢಿ ಬಿಟ್ಟೀತೇ? ಎದ್ದೆ, ಕಣ್ಣು ಮುಚ್ಚಿದೆ, "ಪರಲೋಕದ ತಂದೆಯೇ" ಎಂದು ಓಣಿಗೆಲ್ಲ ಕೇಳುವಂತೆ ಎತ್ತಿಕೊಂಡೆ. ಮೂರನೆಯ ಮಾತಿಗೆ ತಂದೆಯನ್ನು ಬಿಟ್ಟು ಅವ್ವನ ಹತ್ತಿರವೇ ಮಾತಾಡುತ್ತಿದ್ದೆ.

"ತುಟಿ ಆಡಸು ಅಂದದ್ದು ನಂದ ತಪ್ಪವ್ವ. ಅಲ್ಲೆ ನಿನಗ ಯಾರೂ ಹಂಗ ಅನ್ನೂದಿಲ್ಲ. ಬಾಯಿ ತುಂಬ ಹಾಡು."

ಕಣ್ಣು ತೆರೆದಾಗ ಇಡೀ ಇಗರ್ಜಿ ನನ್ನ ಕಡೆ ತಿರುಗಿತ್ತು. ಕೈತಾನ್ ನನ್ನ ಅಂಗಿ ಜಗ್ಗುತ್ತಿದ್ದ. ಪಾದ್ರಿ ಚೀಟಿ ಹಿಡಿದು ನಿಂತೇ ಇದ್ದರು. ಇನ್ನೇನಾದರೂ ಉಳಿದಿದೆಯೇ ಎಂದು ಸ್ವಲ್ಪ ಕಾದರು, ನಂತರ "ಆಮೆನ್" ಅಂದರು. ಎಲ್ಲರೂ ಅಂದರು. ಮುಂದಿನ ಹೆಸರು ಓದಿದರು. ನಾನು ಕುಳಿತೆ. ಕಿವಿ ಬಿಸಿಯಾಗಿದ್ದವು, ಆದರೆ ನಾಚಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು.

ಊರ ಬಾಯಿಗೆ ಮುಚ್ಚಳವಿಲ್ಲ. ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆ ದಿನ ಪಾತ್ರೆಗಳ ಸದ್ದಿರಲಿಲ್ಲ. ಊಟ ಬಡಿಸಿ, ಅಲ್ಲಿ ಏನಂದೆ ಎಂದು ಸುಗುಣವ್ವ ಕೇಳಿದಳು. ಎಲ್ಲ ಹೇಳಿದೆ. ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಬರುವ ವರ್ಷ ಚೀಟಿಯಲ್ಲಿ ತನ್ನ ಅಪ್ಪನ ಹೆಸರನ್ನೂ ಬರೆಸಬೇಕು ಅಂದಳು. ನನ್ನ ತುತ್ತು ಕೈಯಲ್ಲೇ ಉಳಿಯಿತು.

"ಮಾವನೋರು ಬೈತಾರ" ಅಂದೆ.

"ಬೈಲಿ ಬಿಡ್ರಿ" ಅಂದಳು. "ಅಪ್ಪನ ದನಿ ಕೇಳಿ ಆರು ವರ್ಷಾತು."