ಬಾಗಿಲೆದುರಿನ ಫ್ರಿಜ್ಜು

ಬೆಳಿಗ್ಗೆ ಕಾಫಿ ಲೋಟ ತೊಳೆಯುವ ಹೊತ್ತಿಗೆ ಆ ಹಳದಿ ಬಸ್ಸು ತಮಿಳು ಸೀಮೆಯ ಸಿರುಮುಗೈಯ ನೇಕಾರರ ಬೀದಿಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಹೊಡೆದದ್ದೇ ತಡ, ಶೋಭನಾಳ ಹೊಟ್ಟೆಯೊಳಗೆ ಯಾರೋ ಒಲೆಯ ಸೌದೆ ಮುಂದಕ್ಕೆ ತಳ್ಳಿದ ಹಾಗಾಗುತ್ತಿತ್ತು. ಓರಗಿತ್ತಿ ಸರಣ್ಯಾಳ ಮಗಳು ನಿತ್ಯಾ ಟೈ ಕಟ್ಟಿ, ಕರಿ ಬೂಟು ಮೆಟ್ಟಿ, "ದೊಡ್ಡಮ್ಮಾ, ಹೋಗ್ಬರ್ತೀನಿ" ಅಂತ ಕೈಬೀಸುವಳು. ಶೋಭನಾಳ ಮಗಳು ಪದ್ಮಪ್ರಿಯಾ ಬರಿಗಾಲಲ್ಲಿ ಜಗಲಿಯ ಮೇಲೆ ಕೂತು ಅದನ್ನು ನೋಡುವಳು. ಹೋಗಿ ಬಾ ತಾಯಿ, ನಮ್ಮ ಹೊಟ್ಟೆ ಉರಿಸಿಯೇ ಹೋಗು!

ಕಾರಮಡೈ ರಸ್ತೆಯಲ್ಲಿ ಯಾವುದೋ ಟ್ರಸ್ಟಿನವರ ಶಾಲೆ ಅದು. ತೀರಾ ಇಲ್ಲದವರ ಮಕ್ಕಳಿಗೆ ಮಾತ್ರ. ಫೀಸಿಲ್ಲ, ಬಟ್ಟೆ ಪುಸ್ತಕ ಅವರದೇ, ಮಧ್ಯಾಹ್ನದ ಊಟವೂ ಅಲ್ಲೇ. ಆದರೆ ಒಂದು ಕುಟುಂಬಕ್ಕೆ ಒಂದೇ ಸೀಟು. ಶೋಭನಾಳ ಗಂಡ ಪುರಂದರನೂ ಅವನ ತಮ್ಮನೂ ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿಕೊಂಡವರು; ಶಾಲೆಯವರ ಲೆಕ್ಕದಲ್ಲಿ ಮಾತ್ರ ಒಂದೇ ಕುಟುಂಬ. ಇಬ್ಬರೂ ನೂಲು ಕೊಟ್ಟು ನೇಯಿಸುವ ಒಬ್ಬನೇ ಮುದಲಾಳಿಗೆ ಸೀರೆ ನೇಯುವವರು. ಈ ಕಡೆ ಗಂಜಿಯಾದರೆ ಆ ಕಡೆಯೂ ಗಂಜಿ. ಮನೆ ನೋಡಿ ತೀರ್ಮಾನ ಮಾಡ್ತೀವಿ ಅಂದಿದ್ದರು ಶಾಲೆಯ ಶಿವಲಿಂಗಂ ಸಾರ್.

ಮನೆ ನೋಡಲು ಬರುತ್ತಾರೆ ಅಂದರೆ ಶೋಭನಾಳಿಗೆ ಗೊತ್ತಿದ್ದದ್ದು ಹೆಣ್ಣು ನೋಡುವ ಶಾಸ್ತ್ರ ಒಂದೇ. ಗೋಡೆಗೆ ಸುಣ್ಣ ಬಳಿದಳು. ಮಗಳಿಗೆ ಮಲ್ಲಿಗೆ ಮುಡಿಸಿದಳು. ಹೊರಗಿನವರು ಬಂದಾಗ ಮಗ್ಗ ಬರಿದಾಗಿ ಕಾಣಬಾರದು ಅನ್ನುವುದು ಈ ಬೀದಿಯ ಮರ್ಯಾದೆ. ಆ ವಾರ ನೂಲು ಬಂದಿರಲಿಲ್ಲ, ಹಾಗಾಗಿ ತನ್ನ ಮದುವೆ ಸೀರೆಯನ್ನೇ ಮಗ್ಗದ ಮೇಲೆ ಹರಡಿ ಕುಂಕುಮ ಇಟ್ಟಳು. ಹಿಂದಿನ ದಿನ ಸರಣ್ಯಾ ಹಿತ್ತಲ ಬಾಗಿಲಲ್ಲಿ ನಿಂತು, "ಅಕ್ಕಾ, ನಮ್ಮ ಫ್ರಿಜ್ಜು ಒಂದು ದಿನ ನಿಮ್ಮ ಕಡೆ ಇರಲಿ" ಅಂದಾಗ, ಈ ಮಹಾತಾಯಿ ಕುಣಿಯುತ್ತಾ ಒಪ್ಪಿದಳು! ಮಿಕ್ಸಿ ಬಿಡಿ, ಅದನ್ನು ಸರ್ಕಾರವೇ ಮನೆಮನೆಗೂ ಕೊಟ್ಟಿತ್ತು. ಫ್ರಿಜ್ಜು ಹಾಗಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿದ್ದ ಸರಣ್ಯಾಳ ಅಣ್ಣ ತನ್ನ ಹಳೆಯದನ್ನು ತಂಗಿಗೆ ಕೊಟ್ಟಿದ್ದ. ಅದನ್ನು ಶೋಭನಾ ಬಾಗಿಲಿಗೆ ಎದುರಾಗಿ ನಿಲ್ಲಿಸಿ, ಬಂದವರಿಗೆಲ್ಲ ತಣ್ಣನೆ ನಿಂಬೆ ಪಾನಕ ಕೊಟ್ಟಳು.

"ರೊಂಬ ಚೆನ್ನಾಗಿದೆಯಮ್ಮಾ" ಅಂತ ಶಿವಲಿಂಗಂ ಸಾರ್ ಕುಡಿದು, ಪಕ್ಕದ ಮನೆಗೆ ಹೋದರು. ಅಲ್ಲಿ ಬರೀ ಮಗ್ಗ, ಬರೀ ನೆಲ, ಎಣ್ಣೆ ಕಾಣದ ತಲೆಯ ನಿತ್ಯಾ. ಸೀಟು ಅವಳಿಗಾಯಿತು. ಫ್ರಿಜ್ಜು ಮರುದಿನವೇ ಗೋಡೆಯಾಚೆ ವಾಪಸಾಯಿತು.

ಅಂದಿನಿಂದ ಶೋಭನಾಳಿಗೆ ನಿದ್ದೆಯೂ ಇಲ್ಲ, ನೆಮ್ಮದಿಯೂ ಇಲ್ಲ. ಗೋಡೆಯ ಆಚೆ ನಿತ್ಯಾ ಇಂಗ್ಲಿಷ್ ಪದ್ಯ ಒಪ್ಪಿಸಿದರೆ ಇವಳು ಈಚೆ ಪಾತ್ರೆ ಕುಕ್ಕುವಳು. ಪದ್ಮ ಗೋಡೆಗೆ ಕಿವಿಯಿಟ್ಟು ಅದೇ ಪದ್ಯ ಗುನುಗಿದ ದಿನ ಮಾತ್ರ ತಡೆಯಲಾಗಲಿಲ್ಲ. ಬಸ್ಸಿನ ಮೇಲೆ ಬರೆದಿದ್ದ ನಂಬರಿಗೆ ಫೋನು ಮಾಡಿ, ಹೆಸರು ಹೇಳದೆ, ತಮಿಳಿನಲ್ಲಿ, "ಸಾರ್, ಆ ನಿತ್ಯಾ ಮನೇಲಿ ಫ್ರಿಜ್ಜಿದೆ. ನಿಮಗೆ ಟೋಪಿ ಹಾಕಿದಾರೆ" ಅಂದುಬಿಟ್ಟಳು. ಶುಕ್ರವಾರ ಎರಡು ಮನೆಯನ್ನೂ ಮತ್ತೆ ನೋಡ್ತೀವಿ, ಅವರು ತೋರಿಸಿದ್ದು ಸುಳ್ಳಾಗಿದ್ದರೆ ಸೀಟು ಪಕ್ಕದ ಮನೆ ಪದ್ಮಪ್ರಿಯಾಗೆ ಅಂದರು ಸಾರ್. ಅಬ್ಬಾ, ಎದೆ ತಣ್ಣಗಾಯಿತು! ಈ ಸಲ ಮದುವೆ ಸೀರೆ ಪೆಟ್ಟಿಗೆಯಲ್ಲೇ ಇರಲಿ.

ಗುರುವಾರ ದೀಪ ಹಚ್ಚುವ ಹೊತ್ತಿಗೆ ಸರಣ್ಯಾ ಅಳುತ್ತಾ ಬಂದಳು. ಜೊತೆಗೆ ಕೆಂಡದಂಥ ಜ್ವರದಲ್ಲಿ ನಿತ್ಯಾ.

"ಅಕ್ಕಾ, ಯಾವ ಪಾವಿಯೋ ಫೋನು ಮಾಡಿದಾಳೆ. ನಾಳೆ ಮತ್ತೆ ಬರ್ತಾರಂತೆ. ಕೇಳಿದಾಗಿಂದ ಮಗು ಹೆದರಿ ಹೀಗಾಗಿದೆ. ಕಣ್ಣು ಬಿದ್ದಿದೆ ಅಕ್ಕಾ. ಮನೆಗೆ ದೊಡ್ಡವಳು ನೀನು, ನಿನ್ನ ಕೈಯಲ್ಲೇ ದೃಷ್ಟಿ ತೆಗೆ."

ಇಲ್ಲ ಅನ್ನಲು ಯಾವ ನೆವವೂ ಸಿಗಲಿಲ್ಲ. ಶೋಭನಾ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗುವಿನ ಸುತ್ತ ಇಳಿಸತೊಡಗಿದಳು. "ನಾಯಿ ಕಣ್ಣು, ನರಿ ಕಣ್ಣು, ಬೀದಿಯವರ ಕಣ್ಣು, ಬಸ್ಸಿನವರ ಕಣ್ಣು..." ನಿತ್ಯಾ ಜ್ವರದಲ್ಲೇ ಅವಳ ಸೆರಗು ಹಿಡಿದುಕೊಂಡು, "ದೊಡ್ಡಮ್ಮಾ, ನನ್ನ ಬೂಟು ಕಿತ್ಕೋತಾರಾ?" ಅಂದಳು.

ಶೋಭನಾಳ ಕೈ ನಿಂತಿತು. "ದೊಡ್ಡಮ್ಮನ ಕಣ್ಣು" ಅಂದಳು. ಬಾಯಿಂದ ಬಂದೇಬಿಟ್ಟಿತು.

ಸರಣ್ಯಾ ಅದನ್ನು ಶಾಸ್ತ್ರದ ಮಾತೇ ಅಂದುಕೊಂಡಳೋ ಏನೋ, ತಲೆಯಾಡಿಸಿದಳು. ಮೆಣಸಿನಕಾಯಿ ಒಲೆಗೆ ಬಿತ್ತು. ಚಟಪಟ ಸುಟ್ಟಿತು. ಒಬ್ಬರಿಗೂ ಕೆಮ್ಮು ಬರಲಿಲ್ಲ.

"ನೋಡಿದ್ಯಾ ಅಕ್ಕಾ, ಘಾಟೇ ಇಲ್ಲ! ಎಂಥಾ ಕಣ್ಣು ಬಿದ್ದಿತ್ತೋ!"

ಶೋಭನಾ ಕೈತೊಳೆದು ಬಂದಳು. ಮೂಲೆಯಲ್ಲಿ ಪದ್ಮ ಆಸೆಗಣ್ಣು ಬಿಟ್ಟುಕೊಂಡು ನಿತ್ಯಾ ಬಿಚ್ಚಿಟ್ಟಿದ್ದ ಬೂಟಿನ ಲೇಸನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅದನ್ನು ಕಂಡು ಹೊಟ್ಟೆ ಮತ್ತೆ ಉರಿಯಿತು, ಮೊದಲಿಗಿಂತ ಜೋರಾಗಿಯೇ ಉರಿಯಿತು.

"ಅಳಬೇಡ, ಏಳೇ" ಅಂದಳು ಸರಣ್ಯಾಳಿಗೆ. "ಬಾ, ನೀನೊಂದು ಕಡೆ ಹಿಡಿ. ಫ್ರಿಜ್ಜು ನಮ್ಮನೆಗೆ ಸಾಗಿಸೋಣ."