ಒಣ ನಾಲಗೆ

ಡಾಕ್ಟರು ಊದುವುದನ್ನು ಬಿಡಿಸಿದ ಮೇಲೆ ಮಾವನ ಮಾತು ಹೆಚ್ಚಾಗುತ್ತದೆ ಎಂದು ಸೊಸೆ ಅಂದುಕೊಂಡಿದ್ದಳು. ಬಾಯಿ ಖಾಲಿ ಇದ್ದರೆ ಮನುಷ್ಯ ಏನಾದರೂ ಮಾತಾಡಲೇಬೇಕಲ್ಲ. ಇಷ್ಟು ವರ್ಷ ಅವರ ಬಾಯಲ್ಲಿ ಬ್ಯಾಗ್‌ಪೈಪಿನ ಕೊಳವೆ ಇರುತ್ತಿತ್ತು, ಕೊಳವೆ ಇಲ್ಲದಾಗ ಅತ್ತೆಯೊಡನೆ ಜಗಳ ಇರುತ್ತಿತ್ತು. ಈಗ ಎರಡೂ ಇಲ್ಲ. ನ್ಯುಮೋನಿಯಾ ವಾಸಿಯಾಗಿ ಆಸ್ಪತ್ರೆಯಿಂದ ಬಂದವರು ಕಿಟಕಿಯ ಪಕ್ಕದ ಕುರ್ಚಿ ಹಿಡಿದರು. ಅತ್ತೆ ಬೇಕೆಂದೇ ಕೆಣಕಿದರೂ "ಹೂಂ" ಎಂದು ಸುಮ್ಮನಾಗುತ್ತಿದ್ದರು.

"ಚೀಲದ ವಾದ್ಯ ಮೊದಲು ಹುಟ್ಟಿದ್ದು ನಮ್ಮ ಕಡೆ," ಎಂದು ಅತ್ತೆ ಸಾರಿನ ಪಾತ್ರೆ ಕುಕ್ಕಿ ಹೇಳಿದರು.

"ಇರಬಹುದು," ಅಂದರು ಮಾವ.

ಅತ್ತೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮದುವೆಯಾದಂದಿನಿಂದ ಗಂಡನ ಬಾಯಲ್ಲಿ ಕೇಳದ ಮಾತು ಅದು. ಸೊಸೆಗೆ ಡಾಕ್ಟರ ಚೀಟಿಗಿಂತ ಆ "ಇರಬಹುದು" ಹೆಚ್ಚು ಹೆದರಿಕೆ ತಂದಿತು.

ಮೇಲೆ ಮನೆ, ಕೆಳಗೆ ಅಂಗಡಿ. ಗಂಡ ಲೇತಿನ ಮೇಲೆ ಮರ ತಿರುಗಿಸಿ ಕೊಳವೆ ಮಾಡುತ್ತಾನೆ, ಅವಳು ಚರ್ಮದ ಚೀಲ ಹೊಲಿಯುತ್ತಾಳೆ. ಬ್ಯಾಗ್‌ಪೈಪ್ ಎಂದರೆ ಸ್ಕಾಟ್ಲೆಂಡಿನದು ಎಂದುಕೊಂಡು ಒಳಗೆ ಬಂದವರು ಗೋಡೆ ನೋಡಿ ಬಾಯಿ ಬಿಡುತ್ತಾರೆ. ರಿಪೇರಿಗೆ ಬಂದದ್ದು, ಬಂದು ಹೋಗದೇ ಉಳಿದದ್ದು, ಒಂದರ ಹಾಗೆ ಇನ್ನೊಂದಿಲ್ಲ. ಬಲ್ಗೇರಿಯಾದ್ದು ಇಡೀ ಮೇಕೆಯ ಚರ್ಮ. ಮೇಕೆ ಈಗ ತಾನೇ ಎದ್ದು ಹೋಗುತ್ತದೇನೋ ಎಂಬಂತೆ ಕಾಲುಗಳ ಜಾಗ ಹಾಗೇ ಇದೆ. ಇಟಲಿಯದಕ್ಕೆ ರಾಗ ನುಡಿಸಲು ಎರಡು ಕೊಳವೆ, ಕೈಗೊಂದೊಂದು. ಕಪ್ಪು ಸಮುದ್ರದ ತೀರದ್ದಕ್ಕೆ ಶ್ರುತಿಯ ಕೊಳವೆಯೇ ಇಲ್ಲ, ಬರೀ ರಾಗ.

ಯಾವುದು ಮೊದಲು, ಯಾರು ಮೊದಲು ಎಂಬುದು ಪಂಡಿತರಿಗೇ ಬಗೆಹರಿಯದ ವಿಷಯ. ಆ ಮನೆಯಲ್ಲಿ ಮಾತ್ರ ಅದು ದಿನವೂ ಊಟದ ಹೊತ್ತಿಗೆ ಎರಡು ಥರ ಬಗೆಹರಿಯುತ್ತಿತ್ತು. ಮಾವ ಗುಡ್ಡದ ಈಚೆ ಕಡೆಯವರು. ಇಲ್ಲಿನ ವಾದ್ಯ ಬಾಯಲ್ಲಿ ಊದುವಂಥದ್ದು, ನುಡಿಸಿದರೆ ಮೂರು ಬೀದಿ ಆಚೆಗೂ ಕೇಳಬೇಕು. ಅತ್ತೆ ಆಚೆ ಕಡೆಯವರು. ಅಲ್ಲಿನದನ್ನು ಊದಬೇಕಿಲ್ಲ. ಒಂದು ಕಂಕುಳಲ್ಲಿ ಚೀಲ, ಇನ್ನೊಂದರಲ್ಲಿ ಪುಟ್ಟ ತಿದಿ. ಮೊಣಕೈಯಿಂದ ತಿದಿ ಒತ್ತಿದರೆ ಗಾಳಿ ಚೀಲಕ್ಕೆ ಹೋಗುತ್ತದೆ. ಕೋಣೆಯೊಳಗೆ ಕೂತು ನುಡಿಸುವ ಮೆತ್ತನೆಯ ವಾದ್ಯ. ಹೆಣ್ಣು ನೋಡಲು ಹೋದ ದಿನ ಅತ್ತೆಯ ಅಪ್ಪ ಅದನ್ನು ನುಡಿಸಿದಾಗ ಮಾವ, "ಚೆನ್ನಾಗಿದೆ, ಸೊಳ್ಳೆ ಗುಂಯ್ ಅಂದ ಹಾಗಿದೆ," ಅಂದುಬಿಟ್ಟಿದ್ದರಂತೆ. ಅತ್ತೆ ಮದುವೆಗೆ ಒಪ್ಪಿದರು, ಆ ಮಾತನ್ನು ಮಾತ್ರ ಇನ್ನೂ ಒಪ್ಪಿರಲಿಲ್ಲ.

ಸೊಸೆ ಯಾರ ಪಕ್ಷವೂ ಅಲ್ಲ. ಹಾಡು ನಿಲ್ಲಬಾರದು, ತನಗೂ ಸ್ವಲ್ಪ ಉಸಿರಾಡಲು ಬಿಡುವು ಬೇಕು ಎನ್ನಿಸಿದ ಯಾರೋ ಮೊದಲು ಚೀಲ ಕಟ್ಟಿರಬೇಕು ಎಂಬುದು ಅವಳ ಲೆಕ್ಕ. ಅಂಥವರು ತಾಯಂದಿರಲ್ಲದೆ ಬೇರೆ ಯಾರು? ಚೀಲವನ್ನು ಕಂಕುಳಲ್ಲಿ ಹಿಡಿಯುವ ರೀತಿ ನೋಡಿದರೂ ಗೊತ್ತಾಗುತ್ತದೆ.

ಬುಧವಾರ ಮಾವ ಫೋನಿನಲ್ಲಿ ಮೆಲ್ಲಗೆ ಮಾತಾಡುವುದು ಕೇಳಿಸಿತು. "ಭಾನುವಾರ ಬಂದು ತಗೊಂಡು ಹೋಗಿ. ಬ್ಯಾಂಡಿನಲ್ಲಿ ಯಾರಿಗಾದರೂ ಆಗುತ್ತೆ. ಇಲ್ಲಿ ಗೋಡೆಗೆ ನೇತು ಹಾಕಿಕೊಂಡು ನಾನು ನೋಡಲಾರೆ."

ಬ್ಯಾಂಡ್ ಮೇಷ್ಟರಿಗೆ ಮಾವ ತಮ್ಮ ವಾದ್ಯವನ್ನೇ ಕೊಟ್ಟುಬಿಡುವವರಿದ್ದರು. ಸೊಸೆ ಮಗಳು ಪುಟ್ಟಿಯ ಬಾಯಿಗೆ ತುತ್ತಿಡುತ್ತಿದ್ದವಳು ಕೈ ತಡೆದಳು. ಪುಟ್ಟಿ ಬಾಯಿ ತೆರೆದುಕೊಂಡೇ ಕಾದಳು.

ಭಾನುವಾರದೊಳಗೆ ಏನಾದರೂ ಮಾಡಬೇಕಿತ್ತು. ಊದಬಾರದು ಅಂದಿದ್ದಾರೆ, ನುಡಿಸಬಾರದು ಅಂದಿಲ್ಲವಲ್ಲ! ಅವಳು ಕೆಳಗಿಳಿದು ಗಂಡನ ಮುಂದೆ ನಿಂತಳು. "ಮಾವನ ವಾದ್ಯಕ್ಕೆ ತಿದಿ ಕೂರಿಸೋಣ."

ಗಂಡ ಲೇತು ನಿಲ್ಲಿಸಿದ. "ಅಪ್ಪನಿಗೆ ತಿದಿನಾ? ಮನೆ ಬಿಟ್ಟು ಹೋಗ್ತಾರೆ."

"ಹೋಗಲಿ ಬಿಡಿ. ಕುರ್ಚಿಯಿಂದ ಏಳ್ತಾರಲ್ಲ, ಅಷ್ಟಾದರೂ ಆಗಲಿ."

ಅನ್ನಕ್ಕಿಟ್ಟು ಬಂದು ಚರ್ಮ ಕತ್ತರಿಸಿದಳು, ಪುಟ್ಟಿ ಮಲಗಿದ ಹೊತ್ತಿನಲ್ಲಿ ಮೇಣ ಹಚ್ಚಿದ ದಾರ ಪೋಣಿಸಿ ದಬ್ಬಳ ಹಿಡಿದಳು. ಬಟ್ಟೆ ಒಣಹಾಕಿ ಬಂದು, ಹೊಲಿಗೆಯ ಉದ್ದಕ್ಕೂ ಒದ್ದೆ ಕೆನ್ನೆ ಇಟ್ಟು ಗಾಳಿ ಸೋರುತ್ತದೆಯೇ ಎಂದು ನೋಡಿದಳು. ಗಂಡ ಎರಡು ಹಲಗೆ, ಗಾಳಿ ಹೊರಬರಲು ಒಂದು ಮೂತಿ ಮಾಡಿಕೊಟ್ಟ. ಶನಿವಾರ ಬೆಳಿಗ್ಗೆ ತಿದಿ ಸಿದ್ಧ.

"ಮಾವ, ಒಂಚೂರು ಕೆಳಗೆ ಬನ್ನಿ. ಈ ಚೀಲ ಸೋರ್ತಿದೆಯಾ ನೋಡಿಕೊಡಿ," ಅಂದಳು. ಕೆಲಸದ ಮಾತು, ಮಾವ ಬಂದರು. ಮೇಜಿನ ಮೇಲೆ ತಮ್ಮ ವಾದ್ಯ, ಅದಕ್ಕೆ ಅಂಟಿಕೊಂಡ ತಿದಿ ಕಂಡು ಅವರ ಹುಬ್ಬು ಮೇಲೇರಿತು.

"ಇದೇನಮ್ಮ ಇದು? ಕಮ್ಮಾರನ ಅಂಗಡಿ ಮಾಡಿಬಿಟ್ಟೆಯಲ್ಲ!"

ಅತ್ತೆ ಆಗಲೇ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ಬಟಾಣಿಯನ್ನು ಅವರು ಎಂದೂ ಅಲ್ಲಿ ಕೂತು ಸುಲಿದವರಲ್ಲ.

ಬೈದುಕೊಂಡೇ ಮಾವ ತಿದಿಯ ಪಟ್ಟಿ ಕಟ್ಟಿಸಿಕೊಂಡರು. ಚೀಲ ಕಂಕುಳಿಗೆ ಬಂದದ್ದೇ ತೋಳು ತಾನಾಗಿ ಬಳಸಿಕೊಂಡಿತು. ಮೊಣಕೈ ಒತ್ತಿದರು. ಚೀಲ ಉಬ್ಬಿತು. ಬೆರಳು ತೂತುಗಳ ಮೇಲೆ ಕೂತವು. ಬಂತು ಸದ್ದು, ಬಾಲ ತುಳಿಸಿಕೊಂಡ ಬೆಕ್ಕಿನದು. ಕಿರ್ರ್ ಎಂದು ಒಮ್ಮೆ ಅರಚಿ ಕೊಳವೆ ಬಾಯಿ ಮುಚ್ಚಿಕೊಂಡಿತು. ಮತ್ತೆ ಒತ್ತಿದರು, ಏನೂ ಇಲ್ಲ. ಪುಟ್ಟಿ ಕಿವಿ ಮುಚ್ಚಿಕೊಂಡು, "ತಾತ, ಮೇಕೆಗೆ ನೋವಾಯ್ತು," ಅಂದಳು.

ಮಾವ ಪಟ್ಟಿ ಬಿಚ್ಚತೊಡಗಿದರು. "ಬಿಡಮ್ಮ. ನಿನ್ನ ಮನಸ್ಸು ದೊಡ್ಡದು. ನನ್ನ ಕಾಲ ಮುಗೀತು." ಕೋಪವಿದ್ದರೆ ಸೊಸೆಗೆ ಸಮಾಧಾನವಾಗುತ್ತಿತ್ತು. ಕೋಪವೂ ಇರಲಿಲ್ಲ. ಅವಳು ಹೊಲಿಗೆಯ ಮೇಲೆ ಮತ್ತೆ ಬೆರಳಾಡಿಸಿದಳು. ಹೊಲಿಗೆ ಒಂದೂ ತಪ್ಪಿಲ್ಲ, ಮತ್ತೆ ಎಲ್ಲಿ ತಪ್ಪಿದಳು?

ಮೆಟ್ಟಿಲ ಮೇಲಿಂದ ನಗು ಕೇಳಿಸಿತು.

"ಅದೆಲ್ಲಿಂದ ನುಡಿಯುತ್ತೆ? ನಿಮ್ಮ ಕಡೆಯ ನಾಲಗೆಗೆ ಎಂಜಲು ಬೇಕು," ಅಂದರು ಅತ್ತೆ.

ಕೊಳವೆಯ ಬುಡದಲ್ಲಿ ಅದುರಿ ಸದ್ದು ಮಾಡುವ ಜೊಂಡಿನ ಸೀಳಿಗೆ ಆ ಮನೆಯಲ್ಲಿ ನಾಲಗೆ ಎನ್ನುತ್ತಿದ್ದರು. ಮಾವನ ನಾಲಗೆ ದಪ್ಪ. ಬಾಯುಸಿರಿನ ತೇವಕ್ಕೆ ಮೆತ್ತಗಾಗಿ, ಜೋರು ಗಾಳಿಗೆ ಒದರಿ ಅಭ್ಯಾಸ. ತಿದಿಯದೋ ಒಣ ಗಾಳಿ. ಸೊಸೆಗೆ ಚೀಲ ಗೊತ್ತು, ಚರ್ಮ ಗೊತ್ತು. ನಾಲಗೆಯನ್ನು ಮಾತ್ರ ಅವಳು ಮರೆತಿದ್ದಳು.

ಅತ್ತೆ ಬಟಾಣಿ ಬುಟ್ಟಿ ಬದಿಗಿಟ್ಟು ಮೇಲೆ ಹೋದರು. ಬೀರು ತೆರೆದ ಸದ್ದಾಯಿತು. ಬಂದಾಗ ಕೈಯಲ್ಲಿ ತುಕ್ಕು ಹಿಡಿದ ಸೂಜಿ ಡಬ್ಬಿ. ಒಳಗೆ ಹತ್ತಿಯ ಮೇಲೆ ಗರಿಯಷ್ಟು ತೆಳ್ಳಗಿನ ನಾಲಗೆಗಳು.

"ನಮ್ಮಪ್ಪ ಕೆತ್ತಿದ್ದು. ಒಣ ನಾಲಗೆ. ಮದುವೆಯಾಗಿ ಬರುವಾಗ ತಂದಿದ್ದೆ, ಯಾರಾದರೂ ಕೇಳ್ತಾರೇನೋ ಅಂತ."

ಮಾವ ಒಂದನ್ನು ಬೆಳಕಿಗೆ ಹಿಡಿದು ನೋಡಿದರು. ನೋಡುತ್ತಲೇ ಇದ್ದರು.

"ಇಷ್ಟು ಸಣ್ಣಗೆ ಕೆತ್ತೋಕೆ ನನ್ನ ಕೈಲಿ ಆಗಲ್ಲ ಕಣೆ," ಅಂದರು.

"ಸೊಳ್ಳೆ ಕೆಲಸ ತಾನೇ, ಸಣ್ಣದೇ ಇರುತ್ತೆ."

"ಅಯ್ಯೋ, ಇನ್ನೂ ನೆನಪಿದೆಯಾ?"

"ದಿನಾ."

"ತಪ್ಪು ನಂದೇ, ಸರಿಯಾ? ಹಾಕು ಇದನ್ನ."

ಬುಡಕ್ಕೆ ದಾರ ಸುತ್ತಿ ಕೂರಿಸಿದ್ದು ಅತ್ತೆಯೇ. ಮಾವ ಮೊಣಕೈ ಒತ್ತಿದರು. ಈ ಸಲ ಬಂದದ್ದು ಬೀದಿ ದಾಟುವ ಸದ್ದಲ್ಲ, ಅಡುಗೆಮನೆಯವರೆಗೆ ಹೋಗಿ ಅಲ್ಲೇ ಕೂರುವಂಥದ್ದು. ಮಾವ ಕಣ್ಣು ಮುಚ್ಚಿ ತಮ್ಮ ಹಳೆಯ ಮೆರವಣಿಗೆಯ ರಾಗವನ್ನೇ ಹಿಡಿದರು. ಮೆತ್ತಗಾದ ಮೇಲೆ ಅದು ತೊಟ್ಟಿಲು ತೂಗುವ ರಾಗವಾಗಿತ್ತು. ಪುಟ್ಟಿ ಬಂದು ಸೊಸೆಯ ಸೆರಗು ಹಿಡಿದು ತೂಗಾಡಿದಳು. ಸೊಸೆಯ ಕಣ್ಣು ತುಂಬಿತು, ಈರುಳ್ಳಿ ಹೆಚ್ಚುತ್ತಿರಲಿಲ್ಲವಾದ್ದರಿಂದ ನೆಪ ಸಿಗಲಿಲ್ಲ.

ಭಾನುವಾರ ಬ್ಯಾಂಡ್ ಮೇಷ್ಟರು ಖಾಲಿ ಪೆಟ್ಟಿಗೆ ಹಿಡಿದು ಬಂದರು. ಮಾವ ತಿದಿ ಕಟ್ಟಿಕೊಂಡು ಅಂಗಡಿಯ ನಡುವೆ ಕೂತು ನುಡಿಸುತ್ತಿದ್ದರು. ಅವರನ್ನು ಕಂಡು ನಿಲ್ಲಿಸಲೂ ಇಲ್ಲ. ಬದಲಿಗೆ, ನುಡಿಸುತ್ತಲೇ ಮಾತಾಡಿದರು.

"ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಕೊಡೋದಿಲ್ಲ. ಕಾಫಿ ಕುಡಿದು ಹೋಗಿ."

ಹೇಳಿ ಮುಗಿಸಿದವರಿಗೆ ತಾವೇನು ಮಾಡಿದೆವೆಂದು ಆಗ ಹೊಳೆಯಿತು. ಬಾಯಿ ಖಾಲಿ ಇದೆ! ಬೆರಳಿಗೆ ಅದರ ಕೆಲಸ, ಬಾಯಿಗೆ ಅದರ ಕೆಲಸ. ಅವರು ಮೆಟ್ಟಿಲ ಕಡೆ ಕತ್ತೆತ್ತಿದರು.

"ಲೇ, ಇವಳೇ! ನಾಲಗೆ ನಿಮ್ಮಪ್ಪಂದೇ ಇರಬಹುದು. ಆದರೆ ವಾದ್ಯ ಮೊದಲು ಹುಟ್ಟಿದ್ದು ಗುಡ್ಡದ ಈಚೆ ಕಡೆ, ತಿಳ್ಕೋ!"

"ಆಚೆ ಕಡೆ!" ಮೇಲಿನಿಂದ ಬಾಣಲೆ ಕುಕ್ಕಿದ ಸದ್ದಿನ ಜೊತೆಗೇ ಉತ್ತರ ಬಂತು.

"ಈಚೆ!" ಅಂದರು ಮಾವ, ರಾಗ ತಪ್ಪದೆ.

ಅತ್ತೆ ಸೌಟು ಹಿಡಿದೇ ಇಳಿದು ಬಂದು ಸೊಸೆಯ ಪಕ್ಕ ನಿಂತರು. "ನೋಡಿದೆಯಾ ನೀನು ಮಾಡಿದ ಘನಕಾರ್ಯ? ಮೊದಲಾದರೆ ನುಡಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರ್ತಿದ್ದರು."

ಬೈಗುಳ ಕೇಳಿ ಸೊಸೆ ತಲೆ ತಗ್ಗಿಸಿದಳು. ಅತ್ತೆಯ ಕೈಯ ಸೌಟು ತಾಳ ಹಾಕುತ್ತಿದ್ದುದು ಅವಳಿಗೆ ಕಾಣಿಸಿತು.