ಮೀರಿಮ್‌ಳ ಕಾಲಿನ ದಾರ

ನಮ್ಮ ಕೊಚ್ಕೋರ್ ಹಳ್ಳಿಗಳ ಕಡೆ ಚೊಚ್ಚಲ ಮೊಮ್ಮಗು ಅಜ್ಜಿಯ ಪಾಲು. ಅದು ಅಜ್ಜಿಯನ್ನು ಅಮ್ಮ ಅನ್ನುತ್ತದೆ, ಹೆತ್ತವಳನ್ನು ಅಕ್ಕ ಅನ್ನುತ್ತದೆ. ನನ್ನ ಮಗಳು ಮೀರಿಮ್‌ಗೆ ಐದು ತಿಂಗಳಾದಾಗ ನಾನೇ ಅವಳನ್ನು ಅತ್ತೆಯ ಮಡಿಲಿಗೆ ಹಾಕಿ ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆಗೆ ಮರಳಿದವಳು. ಹಾಗಾಗಿ ದೂರುವುದಕ್ಕೆ ನನಗೆ ಬಾಯಿಲ್ಲ. ಆದರೂ ಅವಳು ಮೊದಲ ಸಲ ನನ್ನನ್ನು ‘ಅಕ್ಕಾ’ ಎಂದಾಗ ನಾನು ಹಟ್ಟಿಗೆ ಹೋಗಿ ಕುರಿಗಳ ನಡುವೆ ನಿಂತು ಅತ್ತುಬಿಟ್ಟೆ.

“ಮಗು ನಡೆಯೋಕೆ ಕಲಿತ ಮೇಲೆ ತುಶೂ ದಾರ ಕತ್ತರಿಸ್ತೀವಲ್ಲ, ಆ ದಿನ ಬಾ. ಅವತ್ತು ಮಗು ನಿನ್ನದು, ಕರ್ಕೊಂಡು ಹೋಗು,” ಎಂದು ಅತ್ತೆ ಮಾತು ಕೊಟ್ಟಿದ್ದರು.

ಆ ದಿನಕ್ಕಾಗಿ ನಾನು ಎಲ್ಲವನ್ನೂ ಹೊಂದಿಸಿಕೊಂಡಿದ್ದೆ. ನಗರದಲ್ಲಿ ನಮ್ಮ ಬೀದಿಯ ಶಿಶುವಿಹಾರ ಆರೂವರೆಗೆ ಬಾಗಿಲು ಹಾಕುತ್ತದೆ. ಕಾರ್ಖಾನೆಯ ಮೇಲ್ವಿಚಾರಕಿ ನಾಸಿಪಾ ನನ್ನನ್ನು ಆರಕ್ಕೆ ಬಿಡಲು ಒಪ್ಪಿದ್ದಳು. ಗಂಡ ತಲ್ಗಾತ್ ಲಾರಿ ಸಮೇತ ಕಜಕ್ ಗಡಿಯ ಸಾಲಿನಲ್ಲಿ ಸಿಕ್ಕಿಕೊಂಡು ಹನ್ನೊಂದು ದಿನವಾಗಿತ್ತು. ಅವನನ್ನು ಲೆಕ್ಕಕ್ಕೆ ಹಿಡಿದು ಯಾವ ಕೆಲಸವೂ ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ ಅತ್ತೆಯ ಮನೆಯ ಅಂಗಳದಲ್ಲಿ ಬೋರ್ಸೋಕ್ ಹಿಟ್ಟಿನುಂಡೆ ಕರಿಯುತ್ತಿದ್ದ ಹೆಂಗಸರು ನನ್ನನ್ನು ಕಂಡದ್ದೇ ತಡ, ಶುರು ಮಾಡಿದರು.

“ಅಯ್ಯೋ, ನೆಂಟರು ಬಂದ್ರು, ನೆಂಟರು!” ಎಂದಳು ಪಕ್ಕದ ಮನೆಯ ಝುರಾ. “ಕುರಿನೂ ಮರೀನ ಬಿಟ್ಟು ಇಷ್ಟು ದಿನ ಇರಲ್ಲ ಕಣೆ ಬುರುಲ್.”

“ಕುರಿಗೆ ಏಳು ಗಂಟೆಗೆ ಹಾಜರಿ ಹಾಕೋರು ಯಾರೂ ಇಲ್ಲ ಬಿಡಿ,” ಎಂದೆ.

ಇದೇ ಝುರಾ ತನ್ನ ಸೊಸೆ ಮನೆಯಲ್ಲಿದ್ದಾಳೆಂದು ‘ಕೂತು ತಿನ್ನೋಳು’ ಅಂತ ಊರೆಲ್ಲ ಹೇಳಿಕೊಂಡು ಬರುತ್ತಾಳೆ. ದುಡಿಯಲು ಹೋದರೆ ಕಟುಕಿ, ಮನೆಯಲ್ಲಿ ಕೂತರೆ ಸೋಮಾರಿ. ಅತ್ತ ದರಿ, ಇತ್ತ ಪುಲಿ.

ಮೀರಿಮ್‌ಳ ಎರಡೂ ಕಾಲು ಸೇರಿಸಿ ಅತ್ತೆ ಕಪ್ಪು ಬಿಳಿ ಉಣ್ಣೆ ಹೊಸೆದ ದಾರ ಕಟ್ಟಿ, ಕಂಬಳಿಯ ಮೇಲೆ ನಿಲ್ಲಿಸಿ ಹಿಡಿದುಕೊಂಡರು. ಓಡಿಬಂದು ಮೊದಲು ಮುಟ್ಟಿದವರು ಆ ದಾರ ಕತ್ತರಿಸಬೇಕು, ಅವರ ಗುಣವೇ ಮಗುವಿಗೆ ಬರುತ್ತದೆ. ಇವತ್ತಿನದು ಹೆಂಗಸರ ಓಟ. ಸಾಲಿನಲ್ಲಿ ಝುರಾ ನಿಂತಿದ್ದಳು. ಇವಳ ನಾಲಿಗೆ ನನ್ನ ಮಗಳಿಗೆ ಬರಬೇಕೇ? ನಾನೂ ಹೋಗಿ ನಿಂತೆ.

“ಹೆತ್ತೋಳು ಓಡೋದುಂಟೇನೆ?” ಎಂದು ಯಾರೋ ನಕ್ಕರು.

ಓಡಿದೆ. ದಿನಾ ಬೆಳಿಗ್ಗೆ ಮಿನಿಬಸ್ಸಿನ ಹಿಂದೆ ಓಡಿ ಪಳಗಿದ ಕಾಲು ನನ್ನದು, ಗೆದ್ದೆ. ಮಂಡಿಯೂರಿ ಚಾಕು ಹಿಡಿದೆ. ಬೀದಿಯ ಹಿರಿಯರು ಅಂಗೈ ಎತ್ತಿ ಹರಸಿದರು: “ಮಗಳೇ, ಇವಳ ಹಂಗೆ ಚುರುಕಾಗು. ಇವಳ ಹಂಗೆ ದುಡಿ. ಒಂದ್ ಕಡೆ ನಿಲ್ಲಬೇಡ, ಓಡ್ತಾನೇ ಇರು.”

ಎಲ್ಲರೂ ಹಾಗೇ ಆಗಲಿ, ಓಮಿನ್ ಎಂದು ಕೈಯಿಂದ ಮುಖ ಸವರಿಕೊಂಡರು. ಬೇಡ ಅನ್ನಬೇಕೆನಿಸಿತು. ಹಾರೈಕೆಯನ್ನು ಬೇಡ ಅನ್ನುವವರುಂಟೆ? ಕತ್ತರಿಸಿದೆ. ಅತ್ತೆ ಅವಳ ಕೈಬಿಟ್ಟು ಹಿಂದೆ ಸರಿದು ನಿಂತರು. ಮೀರಿಮ್ ನನ್ನ ಮುಖ ನೋಡಿ, ಹಿಂದಕ್ಕೆ ತಿರುಗಿ, ಐದಾರು ಹೆಜ್ಜೆ ತಟಪಟ ಹಾಕಿ ಅತ್ತೆಯ ಲಂಗಕ್ಕೆ ಮುಖ ಒತ್ತಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಊಟಕ್ಕೆ ಕೂತಾಗ ಫೋನ್ ಬಂತು. ನಾಸಿಪಾ.

“ಬುರುಲ್, ಕಜಾನ್ ಪೇಟೆಗೆ ಕಳಿಸೋ ಕೋಟುಗಳ ಆರ್ಡರ್ ಎರಡರಷ್ಟಾಗಿದೆ. ನಾಳೆಯಿಂದ ಹೊಸ ವರ್ಷದ ತನಕ ರಾತ್ರಿ ಒಂಬತ್ತರವರೆಗೆ ಕೆಲಸ.”

“ಆರಕ್ಕೆ ಬಿಡ್ತೀನಿ ಅಂದಿದ್ರಲ್ಲ ಅಕ್ಕಾ? ಮಗೂನ ಕರ್ಕೊಂಡು ಬರ್ತಿದೀನಿ.”

“ಅಂದಿದ್ದೆ, ಇಲ್ಲ ಅನ್ನಲ್ಲ. ನಾನೇ ನನ್ನ ಮಗ ಎದ್ದಿರೋದು ನೋಡಿ ನಾಲ್ಕು ದಿನ ಆಯ್ತು ಕಣೆ.” ಆಮೇಲೆ ಹೇಳಿದಳು, “ನೀನು ಬರದಿದ್ರೆ ನಿನ್ನ ಮಿಷನ್ ಮೇಲೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ. ನನ್ನ ಕೈಲಿ ಏನೂ ಇಲ್ಲ.”

ಅವಳನ್ನು ಬೈಯುವ ಹಾಗಿದ್ದರೆ ಎಷ್ಟು ಹಗುರಾಗುತ್ತಿತ್ತು! ಈ ಮನೆಯ ಹಿಟ್ಟು, ಅತ್ತೆಯ ಮಾತ್ರೆ, ಎಲ್ಲವೂ ಆ ಮಿಷನ್ನಿನಿಂದಲೇ ಬರುವುದು.

ಒಳಗೆ ಹೋದರೆ ಅತ್ತೆ ಮಾತಿಗೆ ತಪ್ಪದೆ ಮೀರಿಮ್‌ಳ ಗಂಟು ಕಟ್ಟುತ್ತಿದ್ದರು. ಅಂಗಿಗಳು, ಹೊಸ ಉಣ್ಣೆಯ ಕಾಲುಚೀಲ, ಒಂದು ಡಬ್ಬಿ ಬೆಣ್ಣೆ. ಕಣ್ಣು ಕೆಂಪಾಗಿತ್ತು.

“ರಾತ್ರಿ ಎದ್ರೆ ಬೆನ್ನು ತಟ್ಟು, ಹಾಲು ಕೊಡಬೇಡ. ಎರಡು ದಿನ ಅಳ್ತಾಳೆ, ಆಮೇಲೆ ಹೊಂದ್ಕೋತಾಳೆ.”

“ಅತ್ತೆ,” ಎಂದೆ. ಗಂಟಿನ ಮೇಲೆ ಕೈಯಿಟ್ಟೆ. “ಹೊಸ ವರ್ಷದ ತನಕ ಇಲ್ಲೇ ಇರ್ಲಿ.”

ಅತ್ತೆ ನನ್ನನ್ನು ಬೈಯಲಿಲ್ಲ, ಯಾಕೆಂದೂ ಕೇಳಲಿಲ್ಲ. ಅವರ ಮುಖದ ಮೇಲೆ ಸಂತೋಷ ಬಂದೇಬಿಟ್ಟಿತು. ಅಡಗಿಸಲು ಪಾಪ ಎಷ್ಟು ಹೆಣಗಿದರು! ಅದನ್ನು ನಾನು ನೋಡದವಳಂತೆ ಬೂಟು ಹಾಕಿಕೊಂಡೆ.

ಬಾಡಿಗೆ ಕಾರು ಗೇಟಿನ ಮುಂದೆ ನಿಂತಿತ್ತು. ಅತ್ತೆ ಮೀರಿಮ್‌ಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು.

“ಅಕ್ಕಂಗೆ ಟಾಟಾ ಮಾಡು,” ಎಂದವರು ಥಟ್ಟನೆ ನಾಲಿಗೆ ಕಚ್ಚಿಕೊಂಡರು. ನನ್ನ ಕಡೆ ಕೈ ತೋರಿಸಿ, ನಿಧಾನವಾಗಿ ಮತ್ತೆ ಹೇಳಿದರು, “ಅಮ್ಮಂಗೆ ಟಾಟಾ ಮಾಡು ಚಿನ್ನ. ಅಮ್ಮಂಗೆ.”

ಮೀರಿಮ್ ನಕ್ಕಳು. ಪುಟ್ಟ ಕೈ ಎತ್ತಿ, ಅತ್ತೆಯ ಮುಖಕ್ಕೆ ಮುಖವಿಟ್ಟು, ಅವರಿಗೇ ಟಾಟಾ ಮಾಡಿದಳು.